ಸತ್ತವರ ಕ್ಯಾಮೆರಾದ ಬುಡನಸಾಬ

ಬ್ಯಾಡಗ್ಯಾಗ ಯಾರನ್ನ ಕೇಳಿದ್ರೂ ಬುಡನಸಾಬ ಅಂದ್ರ ‘ಆ ಹೆಣದ ಫೋಟೋ ಹೊಡಿಯಾಂವ ಅಲ್ಲೇನು’ ಅಂತಾರ. ಹಂಗ ಅಂದ್ರ ನನಗ ಸಿಟ್ಟು ಬರತೈತಿ. ಹದಿನೆಂಟು ವರ್ಷ ನಾನೂ ಹಂಗ ಅಂದಾಕಿ, ಅದಕ್ಕ ಇನ್ನೂ ಜಾಸ್ತಿ ಬರತೈತಿ. ನನ್ನ ಹೆಸರು ಪ್ರೇಮವ್ವ. ನಮ್ಮ ಮನಿಯಾವ್ರು ಅಂದಾನೆಪ್ಪ, ಬ್ಯಾಡಗಿ ಪ್ಯಾಟ್ಯಾಗ ಫೋಟೋ ಸ್ಟುಡಿಯೋ ಇಟ್ಟಾವ್ರು. ಮುಂದ ಅಂಗಡಿ, ಹಿಂದ ಮನಿ. ನನ್ನ ಬಾಯಿ ಜೋರು ಅಂತ ಓಣ್ಯಾಗ ಹೆಸರೈತಿ. ಇರಲಿ, ಅದನ್ನೇನ ನಾ ಮುಚ್ಚಿಟ್ಟಿಲ್ಲ. ಮುಚ್ಚಿಟ್ಟದ್ದು ಬ್ಯಾರೆ ಒಂದಿತ್ತು, ಅದನ್ನ ಹೇಳಾಕ ಕುಂತೇನಿ.

ಬುಡನಸಾಬ ರಾಣೆಬೆನ್ನೂರಿನಾಂವ. ಅವರಪ್ಪ ಅಲ್ಲೆ ಬಸ್ ಸ್ಟ್ಯಾಂಡಿನ ಮಗ್ಗಲಕ ಗಡಿಯಾರ ರಿಪೇರಿ ಮಾಡತಿದ್ದ. ಮಗ ಗಡಿಯಾರ ಬಿಟ್ಟು ಕ್ಯಾಮೆರಾ ಬಿಚ್ಚಾಕ ಕಲತ, ಬಿಚ್ಚಾಂವ ಫೋಟೋ ಹೊಡಿಯೂದೂ ಕಲತ, ಎಂಬತ್ತೈದರಾಗ ನಮ್ಮ ಅಂಗಡಿಗೆ ಕೆಲಸಕ್ಕ ಬಂದ. ಹೇಂತಿ ಮೆಹಬೂಬಿ, ಮಕ್ಕಳು ಎಲ್ಲಾ ರಾಣೆಬೆನ್ನೂರಾಗ. ಅಂವ ಮುಂಜಾನೆ ಬಸ್ಸಿಗೆ ಬಂದು ಸಂಜೀ ಬಸ್ಸಿಗೆ ಹೋಗಾಂವ. ತೆಳ್ಳಗಿನ ಮನಷ್ಯಾ, ಮಾತು ಕಮ್ಮಿ. ನಾ ಹತ್ತು ಮಾತಾಡಿದ್ರ ಅಂವಂದು ಒಂದು, ಅದೂ ‘ಆತ್ರಿ ಅಕ್ಕಾರ’ ಅಂತ. ಅಂಥಾವ್ರ ಮ್ಯಾಲೆ ನನ್ನಂಥಾಕಿ ಸಿಟ್ಟು ಇನ್ನಷ್ಟು ಏರತೈತಿ, ಯಾಕಂದ್ರ ಜಗಳಾಡಾಕ ಎದರಿಗೆ ಯಾರೂ ಇರೂದಿಲ್ಲ.

ನಮ್ಮ ಲಿಂಗವಂತರೊಳಗ ಯಾರರ ತೀರಿಕೊಂಡ್ರ ಮಲಗಸಿ ಇಡೂದಿಲ್ಲ. ಮೈ ತೊಳದು, ವಿಭೂತಿ ಹಚ್ಚಿ, ಹೊಸಾ ಅರಿವಿ ಉಡಿಸಿ, ಗ್ವಾಡಿಗೆ ಆನಿಸಿ ಕುಂದರಸ್ತಾರ. ಮಣ್ಣಿಗೂ ಕುಂತಾವ್ರನ್ನ ಕುಂತಾಂಗ ಒಯ್ಯೂದು. ಅದಕ್ಕಿಂತ ಮೊದಲು ಮಕ್ಕಳು, ಸೊಸಿ, ಮೊಮ್ಮಕ್ಕಳು ಆಜೂಬಾಜೂ ಕುಂತು ಕಡೀ ಫೋಟೋ ಹೊಡಸ್ತಾರ. ಆವಾಗ ಹಳ್ಳಿ ಕಡೆ ಎಷ್ಟೋ ಮುದುಕ್ರಿಗೆ ಜಲ್ಮದಾಗ ಅದ ಮೊದಲನೇ ಫೋಟೋ, ಅದ ಕಡೀದು. ಆದ್ರ ಹೆಣಾ ಕಂಡ ಕ್ಯಾಮೆರಾ ಲಗ್ನದ ಮನಿಗೆ ಬಂತು ಅಂದ್ರ ಬೀಗರು ಸುಮ್ನ ಬಿಡತಾರೇನು? ಅದಕ್ಕ ನಮ್ಮ ಅಂಗಡ್ಯಾಗ ಲಗ್ನಕ್ಕ ಬ್ಯಾರೆ, ಸತ್ತವರಿಗೆ ಬ್ಯಾರೆ ಕ್ಯಾಮೆರಾ. ಲಗ್ನದ್ದು ಜಪಾನಿನವು, ವರ್ಷಾ ವರ್ಷಾ ಹೊಸವು. ಸತ್ತವರದು ಒಂದ ಒಂದು, ರಷಿಯಾದ್ದು, ಹಳೇದು, ಕೈಯಾಗ ಹಿಡದ್ರ ಅರ್ಧ ಸೇರು ಅನ್ನೂವಷ್ಟು ಭಾರ. ಅದರಿಂದ ಬುಡನಸಾಬನ ಬಿಟ್ಟು ಯಾರೂ ಫೋಟೋ ಹೊಡಿತಿರಲಿಲ್ಲ. ಒಳಗ ತರೂದೂ ಇಲ್ಲ, ಹಿತ್ತಲ ಬಾಗಲದ ಹೊರಗಿನ ಗೂಡಿನ್ಯಾಗ ಇಡೂದು, ಅದು ನನ್ನ ಕಾಯ್ದೆ.

ಆ ಕ್ಯಾಮೆರಾದ ಮ್ಯಾಲೆ ಒಂದು ಸ್ಪೀಡಿನ ಚಕ್ರ ಐತಿ, ಒಂದು ರೂಪಾಯಿಯಷ್ಟು ಅಗಲ. ಸುತ್ತಲೂ ನಂಬರ. ಮೊದಲು ರೋಲು ಸುತ್ತೂ ಗುಂಡಿ ಪೂರ್ತಿ ತಿರುಗಿಸಬೇಕು, ಬುಡನಸಾಬ ಅದಕ್ಕ ಚಾವಿ ಕೊಡೂದು ಅಂತಿದ್ದ, ಗಡಿಯಾರದವರ ಮಗ ನೋಡ್ರಿ. ಚಾವಿ ಕೊಟ್ಟ ಮ್ಯಾಲೆನ ಚಕ್ರ ಮ್ಯಾಲಕ್ಕೆತ್ತಿ ನಂಬರಿಗೆ ತರಬೇಕು. ಚಾವಿ ಕೊಡೂಕ್ಕಿಂತ ಮೊದಲು ಅದರ ಮ್ಯಾಲಿನ ನಂಬರೆಲ್ಲಾ ಸುಳ್ಳು, ಆವಾಗ ತಿರುವಿದ್ರ ಒಳಗ ಹಲ್ಲು ತಪ್ಪತಾವ. ಫೋಟೋ ಹೊಡಿವಾಗ ಆ ಚಕ್ರ ತಾನೂ ಗರ್ ಅಂತ ತಿರುಗತೈತಿ, ಬೆರಳು ತಗಲಿತು ಅಂದ್ರ ಫೋಟೋ ಕೆಟ್ಟಂಗ. ಅದಕ್ಕ ಅಂವ ಬಲಗೈ ಬೆರಳನ್ನ ಕೊಕ್ಕಿಗತೆ ಮಡಚಿ, ಕ್ಯಾಮೆರಾಕ್ಕ ತಾಗದಂಗ ಹಿಡಿಯಾಂವ. ಚಾ ಕುಡಿವಾಗ್ಲೂ ಆ ಬೆರಳು ಹಂಗ ಇರತಿತ್ತು, ನಾ ಚಾಷ್ಟಿ ಮಾಡತಿದ್ದೆ. ಇನ್ನ ಫ್ಲ್ಯಾಶ್ ಹಚ್ಚಿದ್ರ ಮೂವತ್ತು ಅಂದ್ರ ಮೂವತ್ತ. ಅದನ್ನ ದಾಟಿದ್ರ ಒಳಗಿನ ಅರಿವಿ ಪರದೆ ಪೂರ್ತಿ ಸರಿಯೂದ್ರೊಳಗ ಬೆಳಕು ಬಿದ್ದು ಹೋಗತೈತಿ. ಅರ್ಧ ಫೋಟೋ ಬೆಳ್ಳಗ, ಅರ್ಧ ಇದ್ದಲಿ.

ಮತ್ತೊಂದು ಪದ್ಧತಿ ಇತ್ತು. ಒಂದು ರೋಲಿನ್ಯಾಗ ಮೂವತ್ತಾರು ಫೋಟೋ. ಒಂದು ಹೆಣಕ್ಕ ನಾಕೋ ಐದೋ. ರೋಲು ಮುಗಿಯೂತನಕ ನಮ್ಮವ್ರು ತೊಳಿಸಾಕ ಕಳಸ್ತಿರಲಿಲ್ಲ. ಸತ್ತವರ ಮನಿಯಾವ್ರು ವಾರಗಟ್ಟಲೆ ಅಡ್ಡಾಡತಿದ್ರು. ಅವ್ರಿಗೆ ಉತ್ತರಾ ಕೊಡೂ ಕೆಲಸ ನಂದು. ಒಂದಿನ ಹಲಗೇರಿಯಿಂದ ಒಬ್ಬಾಕಿ ಬಂದ್ಲು, ಗಂಡ ಸತ್ತು ಇಪ್ಪತ್ತು ದಿನ ಆಗಿತ್ತು, ಅದು ಆಕಿದು ಮೂರನೇ ಸರತಿ ಬರೂದು. ನಾ ಒಲಿ ಮುಂದ ಇದ್ದೆ, ಸೆಕಿ ಬ್ಯಾರೆ. ‘ರೋಲು ಮುಗದಿಲ್ಲವಾ, ಇನ್ನ ಒಬ್ರರ ಸಾಯಬೇಕು’ ಅಂದುಬಿಟ್ಟೆ. ಆಕಿ ಸೆರಗು ಬಾಯಿಗೆ ಇಟ್ಟಕೊಂಡು ಹೋದ್ಲು. ಬುಡನಸಾಬ ಅಲ್ಲೆ ಇದ್ದ. ಅಂವ ನನ್ನ ಮಾರಿ ಸೈತ ನೋಡಲಿಲ್ಲ.

ನಮ್ಮೊಳಗ ಸೂತಕ ಇಲ್ಲಂತ ಮಠದಾಗ ಹೇಳತಾರ. ಹೇಳಲಿ. ನಮ್ಮತ್ತಿ ಕಲಿಸಿದ್ದು ಬ್ಯಾರೆ. ಸತ್ತ ಮನಿಯಿಂದ ಏನ ಬಂದ್ರೂ ನೀರು ಮುಟ್ಟಬೇಕು ಅಂತಿದ್ಲು. ಅದಕ್ಕ ಆ ಕ್ಯಾಮೆರಾ ತಿರುಗಿ ಬಂದಾಗೊಮ್ಮೆ ನಾ ಹಸೀ ಅರಿವಿಯಿಂದ ಒರಸಾಕಿ. ಕ್ಯಾಮೆರಾಕ್ಕ ಸ್ನಾನಾ ಮಾಡಸೂದು ಜಗತ್ತಿನ್ಯಾಗ ನಾ ಒಬ್ಬಾಕಿನ ಇರಬೇಕು. ಬುಡನಸಾಬ ಬ್ಯಾಡ ಅನ್ನಲಿಲ್ಲ. ಮೊದಲನೇ ದಿನಾನ ಎದರಿಗೆ ಕುಂತು, ಒರಸ್ರಿ ಅಕ್ಕಾರ, ಆದ್ರ ಈ ಚಕ್ರ ಮಾತ್ರ ಮುಟ್ಟಬ್ಯಾಡ್ರಿ, ಅದನ್ನ ನಾ ಒರಸಕೋತೀನಿ ಅಂತ ಬಿಡಿಸಿ ಹೇಳಿದ್ದ. ಹದಿನೆಂಟು ವರ್ಷ ಹಂಗ ನಡೀತು. ನಾ ಒರಸೂದು, ಅಂವ ಮಗ್ಗಲಕ ನಿಂತು ನೋಡೂದು.

ಎರಡು ಸಾವಿರದ ಮೂರು, ಮೇ ತಿಂಗಳು. ಅಂವ ಗುತ್ತಲದಾಗ ಒಂದು ಸಾವಿಗೆ ಹೋಗಿ ಬಂದ. ಬಿಸಲು ಅಂದ್ರ ಅಂಥಿಂಥಾ ಬಿಸಲಲ್ಲ, ಕಣ್ಣು ಕೆಂಪಗಾಗಿದ್ವು. ಕ್ಯಾಮೆರಾ ಗೂಡಿನ್ಯಾಗ ಇಟ್ಟು ನೀರು ಕುಡಿಯಾಕ ನಲ್ಲಿ ಕಡೆ ಹೋದ. ನಾ ಒರಸಾಕ ಹತ್ತಿದೆ. ಅಲ್ಲಿ ಗುಲಾಲು ತೂರಿದ್ರೋ ಏನೋ, ಆ ಚಕ್ರದ ಸುತ್ತಲೂ ಕೆಂಪಗ ಕುಂತಿತ್ತು, ಬೆವರು ಕೂಡಿ ಕಪ್ಪಾಗಿತ್ತು. ನೋಡಿದ್ರ ಮೈ ಉರೀತು. ಉಗರಿನಿಂದ ಕೆರದೆ, ಹೋಗಲಿಲ್ಲ. ಚಕ್ರ ಎತ್ತಿ ಈ ಕಡೆ ತಿರುವಿದೆ, ಆ ಕಡೆ ತಿರುವಿದೆ. ಒಳಗ ಕಟಕ್ ಅಂತು. ಆಮ್ಯಾಲೆ ಅದು ಮೊದಲಿಗಿಂತ ಹಗರಕ ತಿರುಗಾಕತ್ತಿತು.

ಬುಡನಸಾಬ ಬಾಯಿ ಒರಸಕೋತ ಬಂದ. ಹೇಳಬೇಕಿತ್ತು. ಬಾಯಿ ಜೋರು ಇದ್ದಾಕಿಗೆ ನಾಲಿಗಿ ಏಳಲಿಲ್ಲ. ಹದಿನೆಂಟು ವರ್ಷದಾಗ ಅಂವನ ಮುಂದ ತಪ್ಪಾತು ಅನ್ನೂ ಮಾತು ನಾ ಒಮ್ಮೆನೂ ಆಡಿದ್ದಿಲ್ಲ. ನಮ್ಮವ್ರಿಗೆ ಗೊತ್ತಾದ್ರ ಅಂತೂ ಮುಗೀತು, ಈ ಒರಸೂದು ಒಂದು ಹುಚ್ಚು ಅಂತ ಮೊದಲಿಂದ ಬೈತಿದ್ರು. ಹೆಂಗೂ ಅಂವ ನೋಡಕೋತಾನ, ರಿಪೇರಿ ಮಾಡಾಂವ ಅಲ್ಲ ಅಂತ ಅಂದಕೊಂಡು, ಅರಿವಿ ಹಿಂಡಿ ಒಳಗ ಹೋದೆ.

ನಾಕನೇ ದಿನಕ್ಕ ಕದರಮಂಡಲಗಿಯಿಂದ ಫೋನ್ ಬಂತು, ಅವ್ವ ಹೋದ್ಲು ಅಂತ.

ಅದು ನನ್ನ ತವರುಮನಿ. ನಮ್ಮವ್ವ ಗುಡ್ಡವ್ವ, ಎಪ್ಪತ್ತು ದಾಟಿದ್ಲು. ಸಣ್ಣಾಕಿದ್ದಾಗ ಸಿಡುಬು ಎದ್ದು ಮಾರಿ ತುಂಬ ಕಲಿ ಬಿದ್ದಿದ್ವು. ಅಳಿಯಾ ಫೋಟೋದಾಂವ, ಆದ್ರೂ ಅವ್ವಂದು ಒಂದು ಫೋಟೋ ಇಲ್ಲ. ಇವ್ರು ಕ್ಯಾಮೆರಾ ಎತ್ತಿದ್ರ ಸಾಕು, ಸೆರಗು ಎಳಕೊಂಡು ಗ್ವಾಡಿ ಕಡೆ ತಿರುಗಾಕಿ. ನನ್ನ ಮಾರ್‍ಯಾಗ ಏನೈತಿ ನೋಡಾಕ ಅನ್ನಾಕಿ. ಓಟಿನ ಚೀಟಿಗೆ ಫೋಟೋ ತಗಸಾಕೂ ಹೋಗಲಿಲ್ಲ, ಓಟು ಹೋದ್ರ ಹೋಗಲಿ ಅಂದ್ಲು. ನನಗ ಆ ಮಾರಿ ಬೇಕಿತ್ತು. ಆ ಕಲಿ ಒಂದೊಂದನ್ನ ಬೆರಳಿಂದ ಎಣಿಸಿ ಮಲಗಿದಾಕಿ ನಾನು. ಬಸ್ಸಿನ್ಯಾಗ ಕುಂತು ಅಳಕೋತ ಹೋಗೂವಾಗ ಒಂದ ನೆನಪು, ಇವತ್ತರ ಅವ್ವ ತಿರುಗಿ ಕುಂದ್ರೂದಿಲ್ಲ, ಇವತ್ತ ಫೋಟೋ ಬರತೈತಿ ಅಂತ. ಆ ಮ್ಯಾಲೆನ ಚಕ್ರದ್ದು ನೆನಪಾತು.

ಅವತ್ತ ಹಾವೇರ್‍ಯಾಗ ಎರಡು ಲಗ್ನ ಹಿಡದಿದ್ರು. ನಮ್ಮವ್ರು ಅಲ್ಲೆ ಕ್ಯಾಮೆರಾ ಕೆಲಸದವ್ರ ಕೈಗೆ ಕೊಟ್ಟು ಬರೇಗೈಲೆ ಓಡಿ ಬಂದಿದ್ರು. ಕಳಿಸಿದ್ದು ಬುಡನಸಾಬನ್ನ. ಮಧ್ಯಾಹ್ನಕ್ಕ ಮ್ವಾಡ ಕೂಡಿ ಅಡ್ಡಮಳಿ ಶುರು ಆತು. ಅವ್ವನ್ನ ಕಟ್ಟಿ ಮ್ಯಾಲೆ ಕುಂದರಸ್ಬೇಕು ಅಂದಕೊಂಡಾವ್ರು ಪಡಸಾಲ್ಯಾಗ ಕುಂದರಸಿದ್ರು. ಒಳಗ ಕತ್ತಲಿ, ಎರಡು ಸಮೆ ಹಚ್ಚಿದ್ರು. ಕುಣಿ ತೋಡಿ ಆಗಿತ್ತು, ನೀರು ತುಂಬತೈತಿ, ಲಗೂ ಎತ್ರಿ ಅಂತ ಹೊರಗ ಗಂಡಸ್ರು ಅವಸರಾ ಮಾಡಾಕತ್ತಿದ್ರು. ಭಜನಿಯಾವ್ರು ತಬಲಾ, ಪೇಟಿ, ತಾಳಾ ಎಲ್ಲಾ ತಂದು ಪಡಸಾಲ್ಯಾಗ ಕುಂತಿದ್ರು, ಮನಿ ಹಂಚು ಹಾರೂವಂಗ ಹಾಡತಿದ್ರು.

ಬುಡನಸಾಬ ತೊಯ್ಸಿಕೊಂಡು ಬಂದ. ಅಂಗಿ ಪೂರಾ ನೀರು, ಕ್ಯಾಮೆರಾ ಮಾತ್ರ ಬಗಲಾಗ ಪ್ಲಾಸ್ಟಿಕ್‍ನ್ಯಾಗ ಒಣಗಿತ್ತು. ಅವ್ವಗ ಕೈ ಮುಗದ. ರೋಲು ಎಷ್ಟು ಉಳದೈತಿ ಅಂತ ನಮ್ಮವ್ರು ಕೇಳಿದ್ರ ಮೂರು ಅಂದ. ಮೂರು. ಹಲಗೇರಿಯಾಕಿಗೆ ನಾ ಅಂದ ಮಾತು ತಿರುಗಿ ಬಂದು ನನ್ನ ಎದಿಗೆ ಹೊಡೀತು. ಆ ಒಬ್ರು ನಮ್ಮವ್ವನ ಆಗಿದ್ಲು.

ನಮ್ಮಣ್ಣ ಸಿದ್ದಲಿಂಗೇಶ ಅವ್ವನ ಎಡಕ್ಕ ಕುಂತ, ನಾ ಬಲಕ್ಕ. ಅವ್ವನ ಕೈ ನನ್ನ ಕೈಯಾಗ. ಬುಡನಸಾಬ ಚಾವಿ ಕೊಟ್ಟ, ಚಕ್ರ ಎತ್ತಿ ಮೂವತ್ತಕ್ಕ ತಂದ, ಬೆರಳು ಕೊಕ್ಕಿಗತೆ ಮಡಚಿದ. ಫ್ಲ್ಯಾಶ್ ಬಿತ್ತು. ಕ್ಯಾಮೆರಾ ಕೆಳಗಿಳಿಸಿದ. ಎರಡನೇದಕ್ಕ ಚಾವಿ ಕೊಟ್ಟ, ಕ್ಯಾಮೆರಾ ಕಣ್ಣಿಗೆ ಎತ್ತಲಿಲ್ಲ. ಚಕ್ರ ನೋಡಿದ, ಬೆರಳಿಂದ ಮುಟ್ಟಿದ, ಕಿವೀಗೆ ಹಿಡದ. ಆ ತಾಳದ ಗದ್ದಲದಾಗ ಏನ ಕೇಳತೈತಿ? ಅಂವಗ ಕಣ್ಣಿಗಿಂತ ಕಿವಿ ಮುಖ್ಯ ಇತ್ತು. ಮೂವತ್ತರ ಸಪ್ಪಳಾ ಬ್ಯಾರೆ, ಅರವತ್ತರದು ಬ್ಯಾರೆ ಅಂತ ಹೊಸಾ ರೋಲು ಹಾಕೂಕ್ಕಿಂತ ಮೊದಲು ಹಿತ್ತಲದಾಗ ಖಾಲಿ ಕ್ಯಾಮೆರಾ ಕಿವೀಗಿಟ್ಟು ಕುಂಡ್ರಾಂವ. ಏನೋ ತಪ್ಪೈತಿ ಅಂತ ಕೈಗೆ ತಿಳದೈತಿ, ಎಷ್ಟು ತಪ್ಪೈತಿ ಅನ್ನೂದು ತಿಳೀವಲ್ತು. ಉಳದದ್ದು ಎರಡ.

ನಮ್ಮಣ್ಣ ಲಗೂ ಹೊಡಿ ಸಾಬಾ ಅಂತ ಒದರಿದ. ನಮ್ಮವ್ರು ಬೀಗರ ಮುಂದ ಮಾರಿ ಸಣ್ಣದು ಮಾಡಿಕೊಂಡು, ಏನಾತೋ ಅಂತ ಹಲ್ಲು ಕಡದ್ರು. ನನಗ ಗೊತ್ತಿತ್ತು. ಆ ಪಡಸಾಲ್ಯಾಗ ಐವತ್ತು ಮಂದಿ ಇದ್ರು, ಅಂವಗ ಬೇಕಾದ ಮಾತು ಒಬ್ಬಾಕಿ ಹತ್ರನ ಇತ್ತು. ಹೇಳದಿದ್ರ ಅವ್ವನ ಮಾರಿ ಹೋಗತೈತಿ. ಹೇಳಿದ್ರ ಅಣ್ಣ, ಗಂಡ, ಓಣಿ ಎಲ್ಲಾರ ಮುಂದ ನನ್ನ ಮಾನಾ ಹೋಗತೈತಿ. ಅವ್ವನ ಹೆಣದ ಮುಂದ ಕುಂತು ನಾ ಇದನ್ನ ತೂಗಿ ನೋಡಿದೆ, ಥೂ ನನ್ನ ಜಲ್ಮಕ್ಕ.

ಎದ್ದೆ. ಹೆಂಗಸ್ರು ದುಃಖ ತಡಿಯಾಕ ಆಗವಲ್ತು ಅಂದಕೊಂಡು ಸೆರಗು ಹಿಡದು ಜಗ್ಗಿದ್ರು, ಕೊಸರಿಕೊಂಡು ಬುಡನಸಾಬನ ಹತ್ರ ಹೋದೆ. ಅಂವನ ಕಿವಿ ಹತ್ರ ಬಾಯಿ ಒಯ್ದು ಹೇಳಿದೆ.

‘ಸಾಬ್ರ, ಗುತ್ತಲದಿಂದ ಬಂದ ದಿನಾ ನಾ ಚಕ್ರ ತಿರುವೀನ್ರಿ.’

ಅಂವ ನನ್ನ ನೋಡಿದ. ಹದಿನೆಂಟು ವರ್ಷದಾಗ ಅಂವ ನನ್ನ ಅಷ್ಟು ನೆಟ್ಟಗ ನೋಡಿದ್ದು ಅದ ಮೊದಲು. ಚಾವಿ ಕೊಡೂಕ್ಕಿಂತ ಮೊದಲೋ ಅಂತ ಕೇಳಿದ, ಹೌದು ಅಂದೆ. ಯಾವ ಕಡೆ ಅಂದ. ಎರಡೂ ಕಡೆ, ಎಷ್ಟು ಅಂತ ಗೊತ್ತಿಲ್ಲ ಅಂದೆ. ಗೋಣು ಹಾಕಿದ. ಆಮ್ಯಾಲೆ ನಮ್ಮವ್ರ ಕಡೆ ತಿರುಗಿ, ಭಜನಿ ನಿಲ್ಲಸ್ಬೇಕು ಮಾಲಕ್ರ, ನನಗ ಸಪ್ಪಳಾ ಕೇಳಬೇಕು ಅಂದ.

ಆವಾಗ ನೋಡ್ರಿ ಗದ್ದಲಾ. ಹೆಣಾ ಏಳೂತನಕ ಭಜನಿ ನಿಂದ್ರಬಾರ್ದು. ಅದನ್ನ ನಿಲ್ಲಸು ಅಂತ ಹೇಳಾಂವ ಒಬ್ಬ ಫೋಟೋದ ಸಾಬ. ಅಣ್ಣ ಮೈಮ್ಯಾಲೆ ಬಂದಂಗ ಎದ್ದ. ನಾಕು ಮಂದಿ ತರುಣರು ಹೊರಗ ಹಾಕ್ರಿ ಇಂವನ್ನ ಅಂದ್ರು. ನಮ್ಮವ್ರು ಬುಡನಸಾಬನ ತೋಳು ಹಿಡದು, ಏನಾಗೈತಿ ಮೊದಲು ಹೇಳು ಅಂತ ಅಲುಗಾಡಿಸಿದ್ರು. ನಾ ಅಂವನಿಂದ ಒಂದು ಮಾರು ದೂರ ನಿಂತಿದ್ದೆ.

‘ತಪ್ಪು ನಂದ್ರಿ,’ ಅಂದ ಬುಡನಸಾಬ. ‘ಚಾವಿ ಕೊಡೂಕ್ಕಿಂತ ಮೊದಲು ನಾನ ಚಕ್ರ ತಿರುವೀನಿ. ಬೇಕಾದ್ದು ಬೈರಿ, ಫೋಟೋ ಆದ ಮ್ಯಾಲೆ ಬೈರಿ.’

ನಾ ಬಾಯಿ ತೆರದೆ. ಖರೇ ಹೇಳತೇನಿ, ತೆರದೆ. ಏನೂ ಹೊರಗ ಬರಲಿಲ್ಲ. ನಮ್ಮವ್ರು ಬಾಯಿಗೆ ಬಂದಂಗ ಬೈದ್ರು, ಹದಿನೆಂಟು ವರ್ಷ ಅನ್ನಾ ಉಂಡು ಇಂಥಾ ದಿನಾನ ನಿನ್ನ ಗುಣಾ ತೋರಿಸಿದೆಲ್ಲೋ ಅಂದ್ರು. ಅಂವ ತಲಿ ಬಗ್ಗಿಸಿ ನಿಂತಿದ್ದ, ಕೈಯಾಗಿನ ಕ್ಯಾಮೆರಾ ಮಾತ್ರ ಅಲುಗಾಡಗೊಡಲಿಲ್ಲ. ಕಡೀಕ ಮೂಲ್ಯಾಗ ಕುಂತ ಮಠದ ಅಯ್ಯನವ್ರು ಭಜನಿಯಾವ್ರಿಗೆ ಕೈ ಸನ್ನಿ ಮಾಡಿದ್ರು. ಮಗಳು ತಾಯಿ ಮಾರಿ ಕೇಳಾಕತ್ತಾಳ, ಒಂದು ಗಳಿಗಿ ನಿಂತ್ರ ಶಿವಾ ಏನೂ ಅನ್ನೂದಿಲ್ಲ ಅಂದ್ರು. ತಬಲಾ ನಿಂತಿತು, ತಾಳಾ ನಿಂತಿತು. ಹಂಚಿನ ಮ್ಯಾಲೆ ಮಳಿ ಬೀಳೂದೊಂದ ಕೇಳತಿತ್ತು.

ಬುಡನಸಾಬ ಫ್ಲ್ಯಾಶ್ ಬಂದ್ ಮಾಡಿ, ಕಣ್ಣು ಮುಚ್ಚಿ ಕ್ಯಾಮೆರಾ ಕಿವೀಗೆ ಒತ್ತಿ ಹಿಡದು ಗುಂಡಿ ಒತ್ತಿದ. ಖಟ್. ಅಷ್ಟ. ಎರಡನೇದೂ ಹೋತು. ಒಂದು ಫೋಟೋ ಸುಟ್ಟು ಅಂವ ಬರೇ ಸಪ್ಪಳಾ ತಗೊಂಡ. ಅಂವ ಹಂಗ ಕಣ್ಣು ಮುಚ್ಚಿ ನಿಂತ, ಆ ಖಟ್ ಇನ್ನೂ ಕೇಳಾಕತ್ತಾನೇನೋ ಅನ್ನೂವಂಗ. ಆಮ್ಯಾಲೆ ಕಡೀದಕ್ಕ ಚಾವಿ ಕೊಟ್ಟ. ಚಕ್ರ ಎತ್ತಿದ, ಮೂವತ್ತಕ್ಕ ತಂದ, ಅಲ್ಲೆ ಬಿಡಲಿಲ್ಲ. ಒಂದು ಮನಿ, ಅಂದ್ರ ಒಂದು ನಂಬರ, ಹಿಂದ ಸರಿಸಿದ. ಕೈ ತಗದ. ಮತ್ತ ಹಚ್ಚಿ, ಇನ್ನೊಂದು ಮನಿ ಸರಿಸೂದೋ ಬ್ಯಾಡೋ ಅಂತ ಬೆರಳು ಅಲ್ಲೆ ಇಟ್ಟಕೊಂಡು ನಿಂತ. ಹಣಿ ಮ್ಯಾಲೆ ಬೆವರೋ ಮಳೀ ನೀರೋ, ಮೂಗಿಗೆ ಇಳಿಯಾಕತ್ತಿತ್ತು. ಸರಿಸಲಿಲ್ಲ. ನನಗ ಕುಂಡ್ರಾಕ ಹೇಳಿದ.

ಹೋಗಿ ಅವ್ವನ ಮಗ್ಗಲಕ ಕುಂತೆ, ಕೈ ಹಿಡದೆ. ಯಾರೂ ಅಲುಗಾಡಬ್ಯಾಡ್ರಿ ಅಂದ. ಬೆರಳು ಮಡಚಿದ. ಫ್ಲ್ಯಾಶ್ ಬಿತ್ತು.

ಬಂತೇನೋ ಅಂತ ನಮ್ಮವ್ರು ಕೇಳಿದ್ರು. ಗೊತ್ತಿಲ್ರಿ ಅಂದ. ಆ ಒಂದು ಮಾತಿಗೆ ಅಣ್ಣ ಹೊಡಿಯಾಕ ಹೋದ, ಮಂದಿ ಹಿಡದ್ರು. ಭಜನಿ ಮತ್ತ ಶುರು ಆತು, ಅವ್ವನ್ನ ಎತ್ತಿದ್ರು. ಆ ಮಳ್ಯಾಗ ಮಣ್ಣು ಮಾಡಿ ಬಂದ್ರು. ಬುಡನಸಾಬ ಯಾವಾಗ ಹೋದಾ ಅನ್ನೂದನ್ನ ಯಾರೂ ನೋಡಲಿಲ್ಲ.

ಆಮ್ಯಾಲಿನ ಮೂರು ದಿನಾ ಹ್ಯಾಂಗ ಕಳದೆ ಅಂತ ಕೇಳಬ್ಯಾಡ್ರಿ. ಕಲರ್ ಲ್ಯಾಬ್ ಇದ್ದದ್ದು ರಾಣೆಬೆನ್ನೂರಾಗ. ಬುಡನಸಾಬ ತಾನ ರೋಲು ಒಯ್ದು ಕುಂತು ತೊಳಿಸಿಕೊಂಡು ಬಂದ. ಲಕೋಟೆ ನನ್ನ ಕೈಗೆ ಕೊಡಲಿಲ್ಲ, ಕಟ್ಟಿ ಮ್ಯಾಲೆ ಇಟ್ಟು ಸರದು ನಿಂತ. ಮೊದಲನೇದು ತಗದೆ. ನಮ್ಮಣ್ಣ ಚೊಲೋ ಬಿದ್ದಾನ, ಅವ್ವನ ಮೂಗಿನ ಮಟ ಬೆಳಕು, ಅಲ್ಲಿಂದ ಆಚೆ ಕರ್ರಗ. ನಾ ಇಲ್ಲ, ಅವ್ವನ ಅರ್ಧ ಮಾರೀನೂ ಇಲ್ಲ. ಎರಡನೇದು ಪೂರಾ ಕತ್ತಲಿ. ಮೂರನೇದು ತಗಿಯಾಕ ಕೈ ಬರಲಿಲ್ಲ, ನಮ್ಮವ್ರು ತಗದ್ರು.

ಅವ್ವ ಇದ್ಲು. ಪೂರಾ ಮಾರಿ. ಹಣಿ ತುಂಬ ವಿಭೂತಿ, ಅದರ ಕೆಳಗ ಆ ಕಲಿ, ಎಡಗಲ್ಲದ ಮ್ಯಾಲಿನ ದೊಡ್ಡದು, ತುಟಿ ಮಗ್ಗಲಿನ ಎರಡು ಸಣ್ಣವು, ಒಂದೂ ಬಿಡದಂಗ. ಎದಿಗೆ ಒತ್ತಿಕೊಂಡು ಹೋ ಅಂತ ಅತ್ತೆ. ಸಾವಿನ ದಿನಾನೂ ನಾ ಅಷ್ಟು ಅತ್ತಿರಲಿಲ್ಲ. ಸಂತೋಷಕ್ಕ ಅತ್ತೆ ಅಂದ್ರ ಸುಳ್ಳಲ್ಲ.

ನಾ ಇನ್ನ ಅಳಾಕತ್ತಿದ್ದೆ, ನಮ್ಮವ್ರು ಬುಡನಸಾಬಗ ನಾಳೆಯಿಂದ ಬರಬ್ಯಾಡ ಅಂದ್ರು. ಕಣ್ಣು ಹೋತು, ಕೈ ಹೋತು, ಬೀಗರ ಮುಂದ ನನ್ನ ಮಾನಾ ಕಳದಿ, ಇವತ್ತ ನಮ್ಮ ಮನ್ಯಾಗ ಆತು, ನಾಳೆ ಮಂದಿ ಮನ್ಯಾಗ ಆಗೂದು ಬ್ಯಾಡ ಅಂದ್ರು. ಬುಡನಸಾಬ ಆತ್ರಿ ಅಂದ. ಮೆಟ್ಟು ಹಾಕಿಕೊಂಡ. ಬಾಗಲದಾಗ ಒಂದು ಗಳಿಗಿ ನಿಂತ. ನನ್ನ ಕೈಯಾಗ ಅವ್ವನ ಫೋಟೋ ಇತ್ತು, ಬಾಯಾಗ ಮಾತು ಇರಲಿಲ್ಲ. ಅಂವ ಹೋದ.

ನಾಳೆ ಹೇಳೂನು, ನಾಡದ ಹೇಳೂನು ಅಂತ ದಿನಾ ಹೋದ್ವು. ಅವ್ವನ ದಿವಸದ ಕಾರ್ಯ ಆತು, ಮುಂಗಾರು ಬಂತು, ಮೆಣಸಿನಕಾಯಿ ಹಚ್ಚೂದು ಆತು. ಫೋಟೋ ದೊಡ್ಡದು ಮಾಡಿಸಿ ನಮ್ಮ ಮನಿ ಪಡಸಾಲ್ಯಾಗ ಹಾಕಿದ್ವಿ. ಬಂದಾವ್ರು ಎಷ್ಟು ಚೊಲೋ ಬಂದೈತಿ, ಈಗ ಮಾತಾಡತಾಳೇನೋ ಅನಸ್ತೈತಿ ಅನ್ನಾವ್ರು. ಯಾರು ಹೊಡದದ್ದು ಅಂತ ಕೇಳಿದ್ರ ನಮ್ಮವ್ರು ಮಾತು ಹೊರಳಸ್ತಿದ್ರು, ನಾ ಚಾ ಮಾಡಾಕ ಒಳಗ ಹೋಗತಿದ್ದೆ. ಓಣ್ಯಾಗ ಜಗಳಾಡೂದನ್ನೂ ಬಿಟ್ಟೆ. ಪ್ರೇಮವ್ವಗ ತಾಯಿ ಹೋದ ಮ್ಯಾಲೆ ದನಿ ಇಳೀತು ಅಂತ ಮಂದಿ ಮಾತಾಡಿಕೊಂಡ್ರು.

ಡಿಸೆಂಬರಿನ್ಯಾಗ ತಡಿಯಾಕ ಆಗಲಿಲ್ಲ. ಹೊಸಾ ಮೆಣಸಿನಕಾಯಿ ಬಂದಿತ್ತು, ಮೆಹಬೂಬಿಗೆ ಅಂತ ಒಂದು ಚೀಲಾ ಕಟ್ಟಿಕೊಂಡು, ಅವ್ವನ ಫೋಟೋದ ಒಂದು ಪ್ರತಿ ಇಟ್ಟಕೊಂಡು ರಾಣೆಬೆನ್ನೂರಿಗೆ ಹೋದೆ. ಅವರಪ್ಪ ಕುಂಡ್ರತಿದ್ದ ಜಾಗಾದಾಗ ಅಂವ ಕುಂತಿದ್ದ, ಕಣ್ಣಿಗೆ ಭೂತಗನ್ನಡಿ ಹಚ್ಚಿ ಗಡಿಯಾರ ಬಿಚ್ಚಿದ್ದ. ಎದ್ದು ನಿಂತು ಬರ್ರಿ ಅಕ್ಕಾರ, ಕುಂದ್ರಿ ಅಂದ. ಸ್ಟೂಲ್ ಒರಸಿ ಕೊಟ್ಟ, ಚಾ ಹೇಳಿದ. ಫೋಟೋ ಕೊಟ್ಟೆ. ಭೂತಗನ್ನಡಿ ಹಚ್ಚಿಕೊಂಡ ಭಾಳ ಹೊತ್ತು ನೋಡಿದ. ಖರೇ ಮೂವತ್ತರಾಗ ಕುಂತೈತಿ ಅಂದ, ಅದನ್ನ ಹೇಳೂವಾಗ ಮಾರಿ ಅರಳಿತು.

ನಾ ಅಂವನ ಮುಂದ ಕೈ ಮುಗದೆ. ತಪ್ಪಾತು ಸಾಬ್ರ ಅಂದೆ. ನನ್ನ ತಪ್ಪು ನಿಮ್ಮ ತಲಿ ಮ್ಯಾಲೆ ಯಾಕ ಹಾಕಿಕೊಂಡ್ರಿ ಅಂತ ಕೇಳಿದೆ. ಅಂವ ಗಡಿಯಾರದ ಮ್ಯಾಲೆ ಮುಚ್ಚಳಾ ಮುಚ್ಚಿದ.

‘ಅವತ್ತ ನಿಮ್ಮ ಹೆಸರು ಹೇಳಿದ್ರ ಹೆಣದ ಮುಂದ ಗಂಡ ಹೇಂತಿ ಜಗಳಾ ಹತ್ತತಿತ್ರಿ. ಜಗಳದಾಗ ನನಗ ಸಪ್ಪಳಾ ಕೇಳಸ್ತಿರಲಿಲ್ಲ, ನಿಮ್ಮ ತಾಯಿ ಮಾರಿ ಹೋಗತಿತ್ತು. ಅದಕ್ಕ ಹೇಳಿದೆ.’ ಭೂತಗನ್ನಡಿ ತಗದಿಟ್ಟು ಅಂದ, ‘ಫೋಟೋ ಬಂದ ಮ್ಯಾಲೆ ಖರೇ ಹೇಳೂದು ನಿಮ್ಮ ಕೆಲಸ ಇತ್ತು ಅಕ್ಕಾರ. ಏಳು ತಿಂಗಳು ದಾರಿ ನೋಡೇನಿ.’

ಸಿಟ್ಟಿನಿಂದ ಹೇಳಲಿಲ್ಲ. ಹೇಳಿದ್ರ ಚೊಲೋ ಇತ್ತು. ಚಾ ಬಂತು, ಕುಡದೆ. ಹ್ಯಾಂಗ ಬಸ್ಸು ಹತ್ತಿದೆ ಗೊತ್ತಿಲ್ಲ. ಬ್ಯಾಡಗ್ಯಾಗ ಇಳದು ನೆಟ್ಟಗ ಅಂಗಡಿಗೆ ಹೋದೆ. ಲಗ್ನದ ಆಲ್ಬಮ್ ನೋಡಾಕ ಐದಾರು ಮಂದಿ ಗಿರಾಕಿ ಕುಂತಿದ್ರು. ನಿಮ್ಮ ಮುಂದ ಒಂದು ಹೇಳೂದೈತಿ ಅಂದೆ. ಇವ್ರು ಹೋಗಲಿ, ಆಮ್ಯಾಲೆ ಹೇಳು ಅಂದ್ರು ನಮ್ಮವ್ರು. ಇಲ್ಲ, ಇವ್ರ ಮುಂದ ಹೇಳತೇನಿ, ಅಂವನ್ನ ಐವತ್ತು ಮಂದಿ ಮುಂದ ಬೈದೀರಿ ಅಂದೆ. ಗುತ್ತಲದ ಗುಲಾಲದಿಂದ ಹಿಡದು ಎಲ್ಲಾ ಹೇಳಿದೆ, ಒಂದೂ ಬಿಡಲಿಲ್ಲ.

ನಮ್ಮವ್ರು ಬೈಯಲಿಲ್ಲ. ಆಲ್ಬಮ್ ಮುಚ್ಚಿದ್ರು, ಗಿರಾಕಿಗೆ ನಾಳೆ ಬರ್ರಿ ಅಂದ್ರು, ಅಂಗಡಿ ಬಾಗಲಾ ಎಳದು, ಅಂವನ್ನ ಕರಕೊಂಡು ಬರತೇನಿ ಅಂತ ರಾಣೆಬೆನ್ನೂರ ಬಸ್ಸಿಗೆ ಹೋದ್ರು. ನಾ ಕಟ್ಟಿ ಮ್ಯಾಲೆ ಕುಂತೆ. ಎರಡು ಬಸ್ಸು ಬಂದು ಹೋದ್ವು. ಮೂರನೇದರಾಗ ನಮ್ಮವ್ರು ಇಳದ್ರು, ಹಿಂದ ಯಾರೂ ಇಳೀಲಿಲ್ಲ.